ಮುಸ್ಸಂಜೆಯ ಟಾರ್ಪಾಲು

"ಹಾಗಾದ್ರೆ ನೀವೇ!"

ಸೌಮ್ಯ ಕೂಗಿದಳು. ಕೈಯಲ್ಲಿದ್ದ ಬಕೆಟ್ಟು ಜಾರಿ ನೆಲಕ್ಕೆ ಬಿತ್ತು.

ಮನೆಯ ಹಿಂದಿನ ಗೋಡೆಯಲ್ಲಿ, ಡ್ರೈಯರ್‌ನ ಪೈಪು ಹೊರಬರುವ ಕಿಂಡಿಯ ಮುಂದೆ ರುದ್ರೇಶ್ ನಿಂತಿದ್ದ. ಕೈಯಲ್ಲಿ ನೀಲಿ ಟಾರ್ಪಾಲು. ಕಾಲ ಬಳಿ ಹಗ್ಗ.

"ಬಿಸಿಗಾಳಿ ಹೊರಗೆ ಹೋಗೋ ದಾರೀನೇ ಮುಚ್ಚಿದ್ರೆ ಬಟ್ಟೆಯ ತೇವ ಎಲ್ಲಿಗೆ ಹೋಗುತ್ತೆ? ನೀವು ಬಂದ ದಿನ ಒಣಗುತ್ತೆ, ಬರದ ದಿನ ಒದ್ದೆ! ಯಾಕೆ ಅಂತ ಈಗ ಗೊತ್ತಾಯ್ತು!"

"ಸೌಮ್ಯ ಅವ್ರೇ, ಒಂದು ನಿಮಿಷ..."

"ಕದ್ದು ಬಂದು ಮುಚ್ಚೋದು, ಆಮೇಲೆ ರಿಪೇರಿ ಅಂತ ಬಂದು ತೆಗೆಯೋದು. ನನ್ನ ನೋಡೋಕೆ ಇಷ್ಟೆಲ್ಲಾ ನಾಟಕ ಬೇಕಿತ್ತಾ?"

ರುದ್ರೇಶ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಲ್ಲಿ ಸೌಮ್ಯಳ ಅತ್ತೆ ಪ್ರೇಮಕುಮಾರಿಯ ಮುಖ ಕಂಡಿತು. ಅವನು ಬಾಗಿ ಹಗ್ಗ ಸುತ್ತತೊಡಗಿದ.

"ಇನ್ನು ಈ ಕಡೆ ಬರಬೇಡಿ."

ಟಾರ್ಪಾಲನ್ನು ಮಡಚಿ ಗೋಡೆಯ ಪಕ್ಕ ಇಟ್ಟು, ಅವನು ಬೈಕು ಹತ್ತಿದ. ಅತ್ತಿಗುಂಡಿಯ ಇಳಿಜಾರಿನ ಮಂಜು ಅವನನ್ನು ನುಂಗಿತು.

ಅಲ್ಲ ಅಂತ ಒಂದೇ ಒಂದು ಮಾತು ಆಡಬಾರದಿತ್ತೇ? ಸೌಮ್ಯಳಿಗೆ ಅಳು ಬಂತು. ಅವನ ಮೇಲಿನ ಕೋಪಕ್ಕಿಂತ ತನ್ನ ಮೇಲಿನ ನಾಚಿಕೆಯೇ ದೊಡ್ಡದಾಗಿತ್ತು. ಆ ಬೈಕಿನ ಸದ್ದಿಗೆ ಈಚೆಗೆ ತಾನು ಕಿವಿಗೊಟ್ಟು ಕಾಯುತ್ತಿದ್ದೆನಲ್ಲ!

ಅವಳ ಗಂಡ ಶಶಿಕಿರಣ್ ಎರಡು ವರ್ಷದ ಹಿಂದೆ ಕಾಫಿ ಕೊಯ್ಲಿನ ಹೊತ್ತಿನಲ್ಲಿ ಸಿಡಿಲಿಗೆ ಬಲಿಯಾಗಿದ್ದ. ಆಮೇಲೆ ಸೌಮ್ಯ ಸುತ್ತಲಿನ ಹೋಂಸ್ಟೇಗಳ ಬೆಡ್‌ಶೀಟು, ಟವೆಲ್ಲು ಒಗೆದುಕೊಡುವ ಕೆಲಸ ಹಿಡಿದಳು. ಮಳೆಗಾಲದಲ್ಲಿ ಈ ಬೆಟ್ಟದ ಮೇಲೆ ತಂತಿಗೆ ಹಾಕಿದ ಬಟ್ಟೆ ವಾರವಾದರೂ ಒಣಗದು. ಹಾಗಾಗಿ ಚಿಕ್ಕಮಗಳೂರಿನ ರುದ್ರೇಶ್‌ನ ಅಂಗಡಿಯಿಂದ ಡ್ರೈಯರ್ ತಂದಿದ್ದಳು.

ಬೆಳಿಗ್ಗೆ ಹಾಕಿದ ಬಟ್ಟೆ ಗರಿಗರಿಯಾಗಿ ಬರುತ್ತಿತ್ತು. ಸಂಜೆ ಹಾಕಿದ್ದು ಮಾತ್ರ ಹಸಿಹಸಿ! ರುದ್ರೇಶ್ ಫಿಲ್ಟರಿನ ಜುಂಗು ತೆಗೆದ. ಹೀಟರ್ ನೋಡಿದ. ಬಟ್ಟೆ ತುರುಕಬೇಡಿ, ಅರ್ಧ ಡ್ರಮ್ ಮಾತ್ರ ತುಂಬಿ ಎಂದ. ಸಂಜೆ ವೋಲ್ಟೇಜ್ ಇಳಿಯುತ್ತದೇನೋ ಎಂದು ಸ್ಟೆಬಿಲೈಸರ್ ಹಾಕಿಕೊಟ್ಟ. ಊಹೂಂ... ಕೊನೆಗೆ, ಸಂಜೆಯೇ ಬಂದು ನೋಡುತ್ತೇನೆ ಎಂದು ವಾರಕ್ಕೆ ಎರಡು ಮೂರು ಸಲ ಬರತೊಡಗಿದ.

ಜನರ ಬಾಯಿಗೆ ಅಷ್ಟು ಸಾಕಿತ್ತು. ಹೋಂಸ್ಟೇ ನಡೆಸುವ ಮೋನಿಕಾ ಅಂದು ಮಧ್ಯಾಹ್ನವಷ್ಟೇ ಚುಚ್ಚಿದ್ದಳು. "ಮಂಚದ ಮೇಲೆ ಮಲಗಿದ್ವೋ, ಹಳ್ಳದಲ್ಲಿ ಮಲಗಿದ್ವೋ ಅಂತ ಗೆಸ್ಟ್ ಕೇಳ್ತಾರೆ ಸೌಮ್ಯಕ್ಕ! ಇಷ್ಟು ದಿನದಿಂದ ರಿಪೇರಿಯವ್ರು ಬರ್ತಾನೇ ಇದ್ದಾರಂತೆ... ಅದೇನು ಮುಗಿಯದ ರಿಪೇರಿ ಮಾರಾಯ್ತಿ?"

ಜಗಳವಾದ ಮರುದಿನ ಸಂಜೆ ಡ್ರೈಯರ್ ತನ್ನ ಸುತ್ತು ಮುಗಿಸಿ ನಿಂತಿತು. ಸೌಮ್ಯ ಬಾಗಿಲು ತೆಗೆದು ಬೆಡ್‌ಶೀಟನ್ನು ಕೆನ್ನೆಗೆ ಒತ್ತಿಕೊಂಡಳು.

ತೇವ!

ರುದ್ರೇಶ್ ಬಂದಿಲ್ಲವಲ್ಲ... ಅವಳು ಬೆಡ್‌ಶೀಟನ್ನು ಅಲ್ಲೇ ಬಿಟ್ಟಳು. ಹಿತ್ತಿಲಿಗೆ ಓಡಿದಳು.

ಕಿಂಡಿಗೆ ಟಾರ್ಪಾಲು ಬಿಗಿದಿತ್ತು. ಸಡಿಲಾದ ಗಂಟನ್ನು ಮತ್ತೆ ಎಳೆದು ಬಿಗಿಯುತ್ತಿದ್ದವರು ಪ್ರೇಮಕುಮಾರಿ.

"ಅತ್ತೆ! ನೀವಾ?"

ಪ್ರೇಮಕುಮಾರಿ ತಿರುಗಲಿಲ್ಲ. "ಹೊತ್ತು ಮುಳುಗ್ತು ಕಣೆ. ಮುಚ್ಚದೆ ಬಿಡೋಕಾಗುತ್ತಾ?"

ಕಾಫಿ ಕೊಯ್ಲಿನಲ್ಲಿ ಕಣದ ತುಂಬ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಒಣಗಲು ಹರಡಿರುತ್ತದೆ. ಮುಸ್ಸಂಜೆಗೆ ಅದನ್ನು ಗುಡ್ಡೆ ಮಾಡಿ, ಇಬ್ಬನಿ ಬೀಳದಂತೆ ಟಾರ್ಪಾಲು ಮುಚ್ಚಬೇಕು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದು ಪ್ರೇಮಕುಮಾರಿಯ ಕೆಲಸ. ಒಂದೇ ಒಂದು ಸಂಜೆ ಅವರು ತಡಮಾಡಿದ್ದರು. ಅಕಾಲದ ಮಳೆ ಗುಡುಗಿಕೊಂಡು ಬಂತು. ನಾನು ಮುಚ್ತೀನಿ ಇರಮ್ಮ, ಎಂದು ಶಶಿಕಿರಣ್ ಕಣಕ್ಕೆ ಓಡಿದ್ದ.

"ಇದನ್ನ ಮುಚ್ಚಬಾರ್ದು ಅಂತ ರುದ್ರೇಶ್ ಹೇಳಿದ್ದಾನೆ. ಗೊತ್ತು ನಂಗೆ. ಆದ್ರೆ ಹೊತ್ತು ಮುಳುಗಿದ ಮೇಲೆ ಏನೇ ತೆರೆದಿದ್ರೂ ಎದೆ ಹೊಡ್ಕೊಳ್ಳುತ್ತೆ ಸೌಮ್ಯ... ಬೆಳಿಗ್ಗೆ ನೀನು ಏಳೋದ್ರೊಳಗೆ ಬಿಚ್ಚಿಬಿಡ್ತೀನಿ."

"ಮುಚ್ಚೋದು ನೀವು ಅಂತ ಅವರಿಗೆ ಗೊತ್ತಿತ್ತಾ?"

"ಒಂದು ಸಂಜೆ ನೋಡಿಬಿಟ್ಟ. ಸೊಸೆಗೆ ಹೇಳಬೇಡಪ್ಪ, ಅತ್ತೆಗೆ ತಲೆ ಕೆಟ್ಟಿದೆ ಅಂದ್ಕೋತಾಳೆ ಅಂತ ಕೈ ಮುಗಿದೆ. ಅವತ್ತಿಂದ ಪಾಪ, ಬಿಡುವಾದಾಗೆಲ್ಲ ಬಂದು, ನಾನು ಒಳಗೆ ಹೋದ್ಮೇಲೆ ಬಿಚ್ಚಿಟ್ಟು ಹೋಗ್ತಿದ್ದ. ನಿನ್ನೆ ನೀನು ಬೈದದ್ದು ಕೇಳಿಸ್ತು. ಹೊರಗೆ ಬಂದು ಹೇಳೋಕೆ ನಂಗೇ ಧೈರ್ಯ ಬರಲಿಲ್ಲ ಮಗಾ..."

ಸೌಮ್ಯ ಅತ್ತೆಯ ತಣ್ಣಗಿನ ಕೈಗಳನ್ನು ಹಿಡಿದುಕೊಂಡಳು. ಆ ಕೈಗಳು ಇನ್ನೂ ಹಗ್ಗವನ್ನು ಬಿಟ್ಟಿರಲಿಲ್ಲ. ಒಂದೇ ಮನೆಯಲ್ಲಿದ್ದು, ಒಬ್ಬರ ಅಳು ಇನ್ನೊಬ್ಬರಿಗೆ ಕೇಳದಂತೆ ಇಬ್ಬರೂ ಎಷ್ಟು ಜೋಪಾನ ಮಾಡಿದ್ದರು! ಅಂದು ಆ ಗೋಡೆಯ ಬುಡದಲ್ಲೇ ಕುಳಿತು ಜೊತೆಯಲ್ಲಿ ಅತ್ತರು.

ಕಣ್ಣೊರೆಸಿಕೊಂಡು ಪ್ರೇಮಕುಮಾರಿಯೇ ಮೊದಲು ಮಾತಾಡಿದರು. "ನಾಳೆ ಹೋಗಿ ಅವನನ್ನ ಮಾತಾಡಿಸು."

"ಯಾವ ಮುಖ ಇಟ್ಕೊಂಡು ಹೋಗ್ಲಿ ಅತ್ತೆ?"

"ಇರೋ ಮುಖಾನೇ ಇಟ್ಕೊಂಡು ಹೋಗು. ಅವನು ಬಂದ ದಿನ ನೀನು ಎರಡು ತುತ್ತು ಹೆಚ್ಚು ಉಣ್ತೀಯ. ನನಗೆ ವಯಸ್ಸಾಗಿದೆ, ಕಣ್ಣು ಹೋಗಿಲ್ಲ."

ಬೆಳಗಿನ ಬಸ್ಸಿಗೆ ಸೌಮ್ಯ ಚಿಕ್ಕಮಗಳೂರಿಗೆ ಇಳಿದಳು. ಅಂಗಡಿಯಲ್ಲಿ ರುದ್ರೇಶ್ ತಗಡು ಬಗ್ಗಿಸುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಅತ್ತೆ ಎಲ್ಲಾ ಹೇಳಿದ್ರು," ಎಂದಳು.

ಅವನು ತಗಡನ್ನು ಅವಳ ಮುಂದೆ ಸರಿಸಿದ. ಕಿಂಡಿಗೆ ಹೊಂದುವ ಮುಚ್ಚಳ, ಮೇಲೊಂದು ಕೀಲು. "ಮಷಿನ್ನಿನ ಗಾಳಿ ತಳ್ಳಿದಾಗ ಮಾತ್ರ ತೆರ್ಕೊಳ್ಳುತ್ತೆ. ನಿಂತ್ರೆ ತಾನೇ ಮುಚ್ಕೊಳ್ಳುತ್ತೆ. ಅಮ್ಮ ಎಷ್ಟು ಹೊತ್ತಿಗೆ ಬಂದು ನೋಡಿದ್ರೂ ಮುಚ್ಚಿರುತ್ತೆ. ಟಾರ್ಪಾಲು ಬೇಕಾಗಲ್ಲ. ಯಾರ ಹತ್ರನಾದ್ರೂ ಕಳಿಸೋಣ ಅಂತಿದ್ದೆ."

ಅಷ್ಟೆಲ್ಲ ಬೈಸಿಕೊಂಡು ಹೋದವನು ಇದನ್ನು ಮಾಡುತ್ತಾ ಕುಳಿತಿದ್ದಾನೆ! ಸೌಮ್ಯಳ ಕಣ್ಣು ತುಂಬಿತು.

"ಅವತ್ತು ಯಾಕೆ ಸುಮ್ಮನೆ ಹೋದ್ರಿ? ಅತ್ತೆ ವಿಷಯ ಬೇಡ, 'ನಾನಲ್ಲ' ಅಂತನಾದ್ರೂ ಹೇಳಬಹುದಿತ್ತು!"

ರುದ್ರೇಶ್ ತಲೆ ತಗ್ಗಿಸಿದ. "ಮುಚ್ಚಿದ್ದು ನಾನಲ್ಲ ಅನ್ನಬಹುದಿತ್ತು. ಆದ್ರೆ ನಿಮ್ಮನ್ನ ನೋಡೋಕೆ ಬರ್ತೀನಿ ಅಂದ್ರಲ್ಲ... ಅದನ್ನ ಹೇಗೆ ಇಲ್ಲ ಅನ್ಲಿ?"

ಹೊರಗೆ ಆಟೋಗಳ ಗದ್ದಲ. ಒಳಗೆ ಅವಳು ತಗಡಿನ ಮುಚ್ಚಳವನ್ನು ಬೆರಳಿನಿಂದ ಎತ್ತಿ ಬಿಟ್ಟಳು.

"ನಾನು ಶಶಿಯನ್ನ ಮರೆತಿಲ್ಲ," ಎಂದಳು. "ಮರೆಯೋದೂ ಇಲ್ಲ. ಕೆಲವು ದಿನ ಯಾರ ಜೊತೆಗೂ ಮಾತು ಬೇಡ ಅನಿಸುತ್ತೆ."

"ಆ ದಿನ ಮಾತಾಡಬೇಡಿ. ನಾನು ಅಮ್ಮನ ಹತ್ರ ಕೂತು ಕಾಫಿ ಕುಡಿದು ಹೋಗ್ತೀನಿ."

ಅಳುವಿನ ನಡುವೆಯೇ ಅವಳಿಗೆ ಸಣ್ಣ ನಗು ಬಂತು... ಎಷ್ಟೋ ಕಾಲದ ಮೇಲೆ.

ಅವನು ಮುಚ್ಚಳವನ್ನು ಕಾಗದದಲ್ಲಿ ಸುತ್ತಿದ. ಕೊಡುವಾಗ ಕೈ ತಡೆಯಿತು. "ಇದನ್ನ ಹಾಕಿದ್ಮೇಲೆ ಮಷಿನ್ ಸರಿಹೋಗುತ್ತೆ ಸೌಮ್ಯ. ಆಮೇಲೆ ನನಗೆ ಬರೋಕೆ ಕಾರಣಾನೇ ಇರಲ್ಲ."

ಅವಳು ಪೊಟ್ಟಣ ತೆಗೆದುಕೊಳ್ಳಲಿಲ್ಲ. ಅದನ್ನು ಹಿಡಿದಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ಕಾರಣ ಇಲ್ಲದೆ ಬನ್ನಿ."

"ಜನ ಕೇಳಿದ್ರೆ?"

"ನಾನೇ ಕರೆದೆ ಅಂತೀನಿ."