ಶಾಲೆಯ ಹೊತ್ತಿನ ಹೆಜ್ಜೆಗಳು

"ಮಗುವಿನ ಹೆಸರಲ್ಲಿ ಸುಳ್ಳು ಕಳಿಸೋಕೆ ನಿಮಗೆ ಹೇಗಾದ್ರೂ ಮನಸ್ಸು ಬಂತು?"

ಮಕ್ಕಳ ಆಸ್ಪತ್ರೆಯ ಆ ಪುಟ್ಟ ಕೋಣೆಯಲ್ಲಿ ಅವಳ ದನಿ ತುಸು ಜೋರಾಗಿಯೇ ಕೇಳಿತು.

ಮೇಜಿನಾಚೆ ಕುಳಿತವನು ತಬ್ಬಿಬ್ಬಾದ. ಉಗುರಿನ ಸಂದಿಯಲ್ಲಿ ಸೈಕಲ್ ಚೈನಿನ ಕಪ್ಪು, ತೊಡೆಯ ಮೇಲೆ ಶಾಲೆಯ ಚೀಲ. ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತ ಎಂಟು ವರ್ಷದ ಹುಡುಗಿ, ಗುಬ್ಬಿ.

"ಸುಳ್ಳಾ? ಯಾವ ಸುಳ್ಳು ಮೇಡಂ?"

ಅವಳು ಕಂಪ್ಯೂಟರ್ ಪರದೆಯನ್ನು ಅವನತ್ತ ತಿರುಗಿಸಿದಳು.

"ನೋಡಿ. ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡು, ಮೂರು ಸಾವಿರ ಹೆಜ್ಜೆ. ದಿನಾ! ಆ ಹೊತ್ತಿಗೆ ಗುಬ್ಬಿ ತರಗತೀಲಿ ಕೂತಿರ್ತಾಳೆ. ಹಾಗಾದ್ರೆ ನಡೆದಿದ್ದು ಯಾರು? ನೀವೇ ತಾನೇ?"

ಅವಳು ಆ ಆಸ್ಪತ್ರೆಯ ಆಹಾರ ತಜ್ಞೆ. ಮಕ್ಕಳ ಬಾಯಲ್ಲಿ 'ಊಟದ ಮಿಸ್'. ಗುಬ್ಬಿಯ ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದು ನಿಂತಿದೆ, ಮೂರು ತಿಂಗಳಲ್ಲಿ ಇಳಿಯದಿದ್ದರೆ ಔಷಧಿ ಶುರು ಮಾಡಲೇಬೇಕು ಎಂದು ಡಾಕ್ಟರು ಹೇಳಿ ಆರು ವಾರವಾಗಿತ್ತು. ಅಂದಿನಿಂದ ಗುಬ್ಬಿಯ ಮಣಿಕಟ್ಟಿಗೆ ಹೆಜ್ಜೆ ಎಣಿಸುವ ಪಟ್ಟಿ, ಈಗ ಎದುರು ಕುಳಿತ ಅವಳ ಮಾಮನ ಮೊಬೈಲಿನಲ್ಲಿ ಆಸ್ಪತ್ರೆಯ ಆ್ಯಪ್. ಹೆಜ್ಜೆ ಹೆಚ್ಚಿದಂತೆಲ್ಲ ಪರದೆಯ ಮೇಲೊಂದು ಗಿಡ ಚಿಗುರುತ್ತದೆ. ಮಗು ಏನು ತಿಂದಿತು, ಎಷ್ಟು ಹೊತ್ತು ಮಲಗಿತು, ಎಷ್ಟು ಹೊತ್ತು ಟಿವಿ ನೋಡಿತು ಎಂದು ಮಾಮ ಬರೆಯಬೇಕು. ಊಟದ ಮಿಸ್ ಉತ್ತರಿಸಬೇಕು.

ಇಬ್ಬರೂ ಎದುರುಬದುರಾಗಿದ್ದು ಇವತ್ತೇ. ಆದರೆ ಆರು ವಾರದ ಮಾತು ಅವರ ನಡುವೆ ಆಗಲೇ ಇತ್ತು.

'ತಟ್ಟೇಲಿ ಕ್ಯಾರೆಟ್ ಉಳಿಸ್ತಾಳೆ, ಏನ್ ಮಾಡ್ಲಿ?'

'ಅವಳ ಮುಂದೆ ಕೂತು ನೀವೂ ತಿನ್ನಿ.'

ಮರುದಿನ ಅವನಿಂದ ಬಂದಿತ್ತು, 'ಅವಳು ತಿಂದ್ಲು ಮೇಡಂ. ನನಗೇ ಗಂಟಲಲ್ಲಿ ಇಳೀಲಿಲ್ಲ!'

ಅದನ್ನು ಓದಿ ಅವಳು ಒಬ್ಬಳೇ ನಕ್ಕಿದ್ದಳು. ಮುಖ ತೊಳೆಯುವ ಮೊದಲೇ ಅವನ ಸಂದೇಶ ಹುಡುಕುವುದು ಅಭ್ಯಾಸವಾಗಿಬಿಟ್ಟಿತ್ತು. ಅದಕ್ಕೇ ಇಷ್ಟು ನೋವು! ಮದುವೆ ನಿಶ್ಚಯವಾಗಿದ್ದವನೊಬ್ಬ ಸುಳ್ಳಿನ ಮೇಲೆ ಸುಳ್ಳು ಹೇಳಿ ಕೈಬಿಟ್ಟು ಹೋಗಿದ್ದ ಗಾಯ ಇನ್ನೂ ಹಸಿಯಾಗಿತ್ತು.

'ಇವನೂ ಅಷ್ಟೇನಾ...?'

ಅವನು ಎದ್ದು ನಿಂತ. ಗುಬ್ಬಿಯ ಕೈಯಿಂದ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟ.

"ಅಕ್ಕ ಭಾವ ಇಬ್ಬರೂ ಹೋದ ಮೇಲೆ ಈ ಕೂಸೇ ನನ್ನ ಜೀವ. ಇವಳ ಆರೋಗ್ಯದ ವಿಷಯದಲ್ಲಿ ನಾನು ಆಟ ಆಡ್ತೀನಾ ಮೇಡಂ? ಇಷ್ಟು ದಿನ ಮಾತಾಡಿದ ಮೇಲೂ ನಿಮಗೆ ಹಾಗನ್ನಿಸಿದ್ರೆ... ಬೇಡ ಬಿಡಿ."

ಗುಬ್ಬಿಯ ಕೈ ಹಿಡಿದು ಹೊರಟೇಬಿಟ್ಟ. ಬಾಗಿಲ ಬಳಿ ಹುಡುಗಿ ಒಮ್ಮೆ ಹಿಂತಿರುಗಿ ನೋಡಿದಳು. ಏನೋ ಹೇಳಹೊರಟಂತೆ ಬಾಯಿ ತೆರೆದಳು. ಅಷ್ಟೇ.

ಒಂದು ದಿನ... ಎರಡು ದಿನ... ಎಂಟು ದಿನ. ಸಂದೇಶವಿಲ್ಲ. ಪರದೆಯ ಮೇಲಿನ ಗಿಡ ಎಲೆ ಉದುರಿಸಿ ಒಣಕಡ್ಡಿಯಾಗಿತ್ತು. ಬೇರೆ ಮಕ್ಕಳ ವಿವರ ನೋಡುವಾಗಲೂ ಅವಳ ಬೆರಳು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

'ನಾನು ಕೇಳ್ಬೇಕಿತ್ತು. ಕೇಳೋ ಮೊದಲೇ ತೀರ್ಪು ಕೊಟ್ಟೆ...'

ಒಂಬತ್ತನೇ ದಿನ ಬಾಗಿಲು ತಳ್ಳಿಕೊಂಡು ಒಬ್ಬ ಮುದುಕಿ ಒಳಗೆ ಬಂದಳು. ಏದುಸಿರು, ಹಣೆಯ ತುಂಬ ಬೆವರು. ಪಕ್ಕದಲ್ಲಿ ಗುಬ್ಬಿ.

"ನೀನೇನಾ ಊಟದ ಮಿಸ್ಸು? ನನ್ನ ಮಗನ್ನ ಬೈಬೇಡಮ್ಮಾ. ಕಳ್ಳಿ ನಾನು!"

"ಅಜ್ಜೀ, ಮೊದಲು ಕೂತ್ಕೊಳ್ಳಿ. ನೀರು ಕುಡೀರಿ..."

"ನೀರು ಆಮೇಲೆ. ಈ ಪೋರಿ ಶಾಲೇಲಿ ಓಡಿದ್ರೆ ಎಲ್ರೂ ಡುಮ್ಮಿ ಅಂತ ನಗ್ತಾರಂತೆ. ಅದಕ್ಕೆ ಇವಳು ಕೂತ ಜಾಗ ಬಿಟ್ಟು ಏಳೋದೇ ಇಲ್ಲ. ಒಂದಿನ ಅಳ್ತಾ ಬಂದ್ಲು. 'ಅಜ್ಜಿ, ನನ್ನ ಗಿಡ ಬಾಡ್ತಿದೆ, ಸ್ವಲ್ಪ ನಡೀತೀಯಾ?' ಅಂತ. ಕರುಳು ಚುರುಕ್ ಅಂತು. ಇವಳು ಶಾಲೆಗೆ ಹೋಗುವಾಗ ಬಿಚ್ಚಿಟ್ಟ ಪಟ್ಟಿ ಕಟ್ಕೊಂಡು ಹಿತ್ತಲಲ್ಲಿ ಸುತ್ತು ಹೊಡೆದೆ. ಮಗ ಅಂಗಡೀಲಿ ಇರ್ತಾನೆ, ಅವನಿಗೇನು ಗೊತ್ತು?"

"ನಾನೇ ಹೇಳ್ಬೇಡ ಅಂದಿದ್ದೆ ಮಿಸ್..." ಗುಬ್ಬಿ ಬಿಕ್ಕಿದಳು.

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಮಗಳು ಹೋದ ಮೇಲೆ ಎರಡು ವರ್ಷ ನಾನು ಹೊಸ್ತಿಲು ದಾಟಿರಲಿಲ್ಲ ತಾಯೀ. ಇವಳ ಗಿಡಕ್ಕೋಸ್ಕರ ಹಿತ್ತಲಿಗಿಳಿದೆ. ಇವತ್ತು ಬೀದಿಗೂ ಬಂದೆ ನೋಡು."

ಊಟದ ಮಿಸ್ ಅಜ್ಜಿಯ ಒರಟು ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅಂದು ಸಂಜೆ ಅವಳು ಅವನ ಸೈಕಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದಳು. ಅವನು ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲಿನ ಚಕ್ರ ತಿರುಗಿಸುತ್ತ, ವಾಲಿದ ಕಡೆ ಕಡ್ಡಿ ಬಿಗಿಯುತ್ತಿದ್ದ.

"ತಪ್ಪು ನಂದು. ಕ್ಷಮಿಸ್ತೀರಾ?"

ಅವನು ಚಕ್ರ ತಿರುಗಿಸುತ್ತಲೇ ಇದ್ದ.

"ನಿಮ್ಮಮ್ಮ ಆಸ್ಪತ್ರೆಗೆ ಬಂದಿದ್ರು. ನಡ್ಕೊಂಡು."

ಚಕ್ರ ತಟಕ್ಕನೆ ನಿಂತಿತು.

"ಅಮ್ಮ...? ಬೀದಿಗೆ ಬಂದ್ರಾ?"

ಅವಳು ನಡೆದದ್ದನ್ನೆಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಅವನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಎಣ್ಣೆ ಮೆತ್ತಿದ ಮುಂಗೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ. ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಎರಡು ಪಟ್ಟಿ ತಂದಿದ್ದೀನಿ. ಅಜ್ಜಿಗೊಂದು, ಗುಬ್ಬಿಗೊಂದು. ಯಾರೂ ನಗದೇ ಇರೋ ಕಡೆ ಒಟ್ಟಿಗೆ ನಡೀಲಿ. ಬೇಕಾದ್ರೆ... ನಾನೂ ಬರ್ತೀನಿ."

ಮರುದಿನದಿಂದ ಸಂಜೆ ನಾಲ್ವರೂ ಕೆರೆಯ ಸುತ್ತ ನಡೆಯತೊಡಗಿದರು. ಅಜ್ಜಿಗೂ ಮೊಮ್ಮಗಳಿಗೂ ಪೈಪೋಟಿ! ಒಂದು ವಾರ ಅಜ್ಜಿ ಗೆದ್ದಳು. ಸೋತ ಸಿಟ್ಟಿಗೆ ಗುಬ್ಬಿ ಓಡಲು ಶುರುಮಾಡಿದಳು. ಊಟಕ್ಕೆ ಕೂರುವಾಗ ಮನೆಯ ಫೋನುಗಳೆಲ್ಲ ಕಪಾಟು ಸೇರುವಂತಾಯಿತು, ಮಾಮನದ್ದೂ ಸೇರಿ. ಹಿಂದೆ ಉಳಿದ ಇಬ್ಬರು ನಡೆಯುತ್ತ ತಮ್ಮ ತಮ್ಮ ಕಥೆ ಹೇಳಿಕೊಂಡರು. ಕೈಬಿಟ್ಟು ಹೋದವನ ವಿಷಯವನ್ನೂ ಅವಳು ಮುಚ್ಚಿಡಲಿಲ್ಲ.

ಮೂರು ತಿಂಗಳು ತುಂಬಿದಾಗ ಗುಬ್ಬಿಯ ರಕ್ತ ಪರೀಕ್ಷೆಯ ವರದಿ ಬಂತು. ಸಕ್ಕರೆ ಇಳಿದಿತ್ತು! ಔಷಧಿ ಬೇಕಾಗಿಲ್ಲ ಎಂದರು ಡಾಕ್ಟರು. ಅಜ್ಜಿ ಮೊಮ್ಮಗಳನ್ನು ತಬ್ಬಿ ಆಸ್ಪತ್ರೆಯ ಪಡಸಾಲೆಯಲ್ಲೇ ಗಟ್ಟಿಯಾಗಿ ಅತ್ತಳು. ಆಮೇಲೆ ಏನು ಹೊಳೆಯಿತೋ, ಗುಬ್ಬಿಯನ್ನು ಎಳೆದುಕೊಂಡು ಹೊರಗೆ ನಡೆದಳು.

ಕೋಣೆಯಲ್ಲಿ ಅವರಿಬ್ಬರೇ ಉಳಿದರು.

"ಇನ್ನು ನೀವು ಇಲ್ಲಿಗೆ ಬರ್ಬೇಕಾಗಿಲ್ಲ," ಎಂದಳು. ಸಂತೋಷದ ಮಾತೇ. ಆದರೂ ಅವನತ್ತ ನೋಡದೆ ವರದಿಯನ್ನು ಮಡಿಸತೊಡಗಿದಳು.

"ನನಗೆ ಬರ್ಬೇಕು ಅನ್ಸುತ್ತೆ ಮೇಡಂ," ಎಂದ ಅವನು. "ಗುಬ್ಬಿಗೋಸ್ಕರ ಅಲ್ಲ. ನಿಮ್ಮ ಜೊತೆ ಮಾತಿಲ್ಲದೇ ಇದ್ದ ಆ ಎಂಟು ದಿನ ನಾನು ಅಂಗಡೀಲಿ ಒಂದು ಪಂಕ್ಚರೂ ಸರಿಯಾಗಿ ಹಾಕ್ಲಿಲ್ಲ. ನಿಮ್ಮನ್ನ ಪ್ರೀತಿಸ್ತೀನಿ. ನಮ್ಮನೆಗೆ ಬರ್ತೀರಾ... ನಮ್ಮವಳಾಗಿ?"

ಅವಳು ವರದಿಯನ್ನು ಮೇಜಿನ ಮೇಲಿಟ್ಟಳು.

"ನಾನು ದುಡುಕಿನವಳು. ಮತ್ತೆ ತಪ್ಪು ತಿಳ್ಕೊಂಡ್ರೆ? ಅವತ್ತಿನ ಹಾಗೆ ಎದ್ದು ಹೋಗ್ಬಿಡ್ತೀರಾ?"

"ಇಲ್ಲ. ಕೂತ್ಕೊಂಡು ಜಗಳ ಆಡ್ತೀನಿ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ. ನಿಮಗೆ ಸಾಕಾಗೋವರೆಗೂ."

ಅವಳು ನಕ್ಕಳು. ತುಂಬಿ ಬಂದ ಕಣ್ಣನ್ನು ಒರೆಸಿಕೊಳ್ಳದೆ ಅವನತ್ತ ಕೈ ಚಾಚಿದಳು.

"ಹಾಗಾದ್ರೆ 'ಮೇಡಂ' ಅನ್ನೋದು ಬಿಡು. ಬರ್ತೀನಿ."