ಬೀಗದ ಮನೆಗೆ ಬೇವಿನ ಸೊಪ್ಪು

"ನಿಮ್ಮ ಮಗು ನಿಮಗೆ ಭಾರ ಆಗಿರಬೋದು. ನಮ್ಮ ಮಕ್ಕಳು ನಮಗೆ ಭಾರ ಆಗಿಲ್ಲ."

ಮಾಕಳಿ ಶಾಲೆಯ ಅಂಗಳದಲ್ಲಿ ಸೇರಿದ್ದ ಜನರೆಲ್ಲ ತಿರುಗಿ ನೋಡಿದರು. ಮಾತಾಡಿದವಳು ಚಿಕ್ಕಬೈರಪ್ಪನವರ ಮಗಳು ಗಂಗರತ್ನ. ಮಾತು ತಾಗಿದ್ದು ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುವ ರಾಮಾಂಜಿನಪ್ಪನಿಗೆ. ಅವನು ಊರಿಗೆ ಬಂದು ಆರು ತಿಂಗಳಾಗಿದ್ದರೂ ಇವರಿಬ್ಬರೂ ಎದುರುಬದುರಾದದ್ದು ಅಂದೇ ಮೊದಲು. ಎಂಥ ಮೊದಲು!

ಅದು ಎಪ್ಪತ್ತೊಂಬತ್ತನೇ ಇಸವಿ. ಸಂಕ್ರಾಂತಿ ಕಳೆದದ್ದೇ ತಡ, ಪೀಣ್ಯದಿಂದ ನೆಲಮಂಗಲದವರೆಗೆ ಊರೂರಿಗೂ ಅಮ್ಮ ಬಂದಿತ್ತು. ಆಸ್ಪತ್ರೆಯ ಡಾಕ್ಟರು ಅದನ್ನು ದಡಾರ ಎಂದರು. ಊರಿನವರು ಅಮ್ಮ ಎಂದು ಕೈಮುಗಿದು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಮಾಕಳಿಯಲ್ಲೇ ಎರಡು ಮಕ್ಕಳು ತೀರಿಕೊಂಡ ಮೇಲೆ ಶಾಲೆಗೆ ಬೀಗ ಬಿತ್ತು. ಈಗ ಐದು ವಾರವಾಗಿತ್ತು.

ಶಾಲೆ ತೆರೆಯಬೇಕೋ ಬೇಡವೋ ಎಂದು ಹೆಡ್‌ಮಾಸ್ಟರ್ ಚಿನ್ನಪ್ಪ ಮೇಷ್ಟ್ರು ಊರನ್ನು ಕರೆದಿದ್ದರು. ಅವರದು ನೇರ ಲೆಕ್ಕ. ತೆರೀಬೇಕು ಅನ್ನೋರು ಬಾವುಟದ ಕಂಬದ ಈಚೆ ನಿಲ್ಲಿ, ಬೇಡ ಅನ್ನೋರು ಆಚೆ ನಿಲ್ಲಿ.

ಬಾಡಿಗೆಗಿದ್ದ ಫ್ಯಾಕ್ಟರಿ ಜನ ಈಚೆ ನಿಂತರು. ಹೊಲಮನೆ ಇದ್ದವರು ಆಚೆ. ಗಂಗರತ್ನ ಎಲ್ಲರಿಗಿಂತ ಆಚೆ.

ರಾಮಾಂಜಿ ಅವಳ ಕಡೆ ನೋಡಿದ. ಕಣ್ಣು ಕೆಂಪಗಿತ್ತು.

"ಭಾರ ಅಂದ್ರಲ್ಲಮ್ಮ... ನಿಮ್ಮನೇಲಿ ಅಜ್ಜಿ ಇದಾರೆ, ತಾತ ಇದಾರೆ. ಮಕ್ಕಳನ್ನ ನೋಡ್ಕೋತಾರೆ. ನನ್ನ ಮಗೂಗೆ ತಾಯಿ ಇಲ್ಲ. ಎಂಟು ಗಂಟೆಗೆ ಸೈರನ್ ಕೂಗುತ್ತೆ. ನಾನೇನು ಲೇತ್ ಪಕ್ಕ ಮಗೂನ ಕೂರಿಸ್ಕೊಳ್ಳಲಾ?"

"ಸಂಬಳ ಮುಖ್ಯನೋ, ಜೀವ ಮುಖ್ಯನೋ?"

"ಸಂಬಳ ಇಲ್ದೆ ಜೀವ ಇಟ್ಕೊಳ್ಳೋ ದಾರಿ ನೀವೇ ತೋರ್ಸಿ, ಕೈಮುಗೀತೀನಿ."

ಯಾರೋ ಕಿಸಕ್ಕೆಂದು ನಕ್ಕರು. ಗಂಗರತ್ನಳ ಮೈಯೆಲ್ಲ ಉರಿದುಹೋಯಿತು. ಎಣಿಸಿದಾಗ ಈಚೆಯವರೇ ನಾಲ್ಕು ಜನ ಹೆಚ್ಚು. ಸೋಮವಾರದಿಂದ ಶಾಲೆ ಎಂದರು ಮೇಷ್ಟ್ರು.

'ಕಲ್ಲು ಮನುಷ್ಯ... ಹೆತ್ತ ಹೊಟ್ಟೆಯ ಸಂಕಟ ಇವನಿಗೇನು ಗೊತ್ತು?'

ಅವಳ ಸಂಕಟ ಊರಿಗೆಲ್ಲ ಗೊತ್ತಿತ್ತು. ಗಂಡ ತುಮಕೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಹೋದ ಮೇಲೆ ಎರಡು ಮಕ್ಕಳೊಡನೆ ತವರಿಗೆ ಬಂದಿದ್ದಳು. ಎರಡು ವರ್ಷದ ಹಿಂದೆ ಐದು ವರ್ಷದ ಸರೋಜಳನ್ನು ಇದೇ ಅಮ್ಮ ಕರೆದುಕೊಂಡಿತು. ಈಗ ಉಳಿದವನು ಒಂಬತ್ತು ವರ್ಷದ ಮುನಿರಾಜು ಒಬ್ಬನೇ. ಅವನು ಒಮ್ಮೆ ಸೀನಿದರೆ ಇವಳಿಗೆ ಅಂದು ಊಟ ಸೇರುತ್ತಿರಲಿಲ್ಲ.

ಆದರೆ ಊರಿಗೆ ಗೊತ್ತಿಲ್ಲದ ಒಂದು ವಿಷಯವೂ ಇತ್ತು. ಅದನ್ನು ಗಂಗರತ್ನ ಹೆತ್ತ ತಾಯಿಗೂ ಹೇಳಿರಲಿಲ್ಲ.

ಭಾನುವಾರ ಕನಕಾಂಬರ ಬಿಡಿಸಲು ಕೆರೆ ಏರಿಯ ಮೇಲೆ ಹೋಗುವಾಗ ಅವಳ ಕಾಲು ನಿಂತೇಬಿಟ್ಟಿತು. ಏರಿಯ ಕೆಳಗೆ ನರಸಪ್ಪನವರ ಒಂಟಿ ಮನೆ. ಅಲ್ಲಿ ಬಾಡಿಗೆಗಿದ್ದವನು ರಾಮಾಂಜಿ. ಬಾಗಿಲ ಮೇಲೆ ಬೇವಿನ ಸೊಪ್ಪಿನ ಕಟ್ಟು ತೂಗುತ್ತಿತ್ತು.

ಅಂದರೆ... ಮನೆಯಲ್ಲಿ ಅಮ್ಮ ಇಟ್ಟುಕೊಂಡು ಶಾಲೆ ತೆರೆಯಿರಿ ಎಂದನೇ?

ಸೋಮವಾರ ಬೆಳಗ್ಗೆ ಅವಳು ಶಾಲೆಯ ಗೇಟಿನಲ್ಲೇ ಕಾದು ನಿಂತಳು. ಅಂದು ಫ್ಯಾಕ್ಟರಿಗೆ ಎರಡು ಗಂಟೆ ತಡ ಹೇಳಿ ರಾಮಾಂಜಿ ಸೈಕಲ್ಲಿನಲ್ಲಿ ಮಗಳನ್ನು ಕೂರಿಸಿಕೊಂಡು ಬಂದ. ಏಳು ವರ್ಷದ ವನಜ. ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದ. ಒಂದು ಮೇಲೆ, ಒಂದು ಕೆಳಗೆ.

"ಇಳಿಸ್ಬೇಡಿ ಆ ಮಗೂನ," ಎಂದಳು ಗಂಗರತ್ನ. "ಎಲ್ರೂ ಕೇಳಿ. ಇವ್ರ ಮನೆ ಬಾಗಿಲಿಗೆ ಸೊಪ್ಪು ಕಟ್ಟವ್ರೆ. ನಾನೇ ಕಣ್ಣಾರೆ ನೋಡಿದೀನಿ. ಮನೇಲಿ ಅಮ್ಮ ಇಟ್ಕೊಂಡು ನಮ್ಮ ಮಕ್ಕಳ ಮಧ್ಯೆ ಕೂರ್ಸೋಕೆ ಬಂದವ್ರೆ. ಏನ್ರೀ, ಸುಳ್ಳಾ?"

ರಾಮಾಂಜಿಯ ಬಾಯಿ ತೆರೆಯಿತು, ಮುಚ್ಚಿತು. ಮಗಳ ಭುಜದ ಮೇಲಿದ್ದ ಕೈ ಮಾತ್ರ ಬಿಗಿಯಾಯಿತು.

"ಮಾತಾಡಯ್ಯಾ," ಎಂದರು ಮೇಷ್ಟ್ರು.

ಅವನು ಸೈಕಲ್ ತಿರುಗಿಸಿದ. ಹಿಂದಿನ ಕ್ಯಾರಿಯರ್ ಮೇಲೆ ಕೂತ ಮಗು ಶಾಲೆಯ ಕಡೆಗೇ ಕತ್ತು ತಿರುಗಿಸಿಕೊಂಡು ನೋಡುತ್ತ ಹೋಯಿತು.

ಅಪ್ಪ ಅಮ್ಮಂದಿರೆಲ್ಲ ಹೆದರಿ ತಮ್ಮ ಮಕ್ಕಳನ್ನು ವಾಪಸ್ಸು ಎಳೆದುಕೊಂಡು ಹೊರಟರು. ಹತ್ತೂವರೆಗೆ ಮೇಷ್ಟ್ರು ಮತ್ತೆ ಬೀಗ ಹಾಕಿದರು. ಗಂಗರತ್ನ ಗೆದ್ದಿದ್ದಳು. ಗೆದ್ದವಳಿಗೆ ಅಂದು ಯಾಕೋ ಅನ್ನ ಇಳಿಯಲಿಲ್ಲ.

ಬುಧವಾರ ಮಧ್ಯಾಹ್ನ ಅವಳು ಮತ್ತೆ ಏರಿಯ ಮೇಲಿದ್ದಳು. ಗಾಳಿಯಲ್ಲಿ ತೇಲಿ ಬಂದದ್ದು ಒಗ್ಗರಣೆಯ ವಾಸನೆ. ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ.

ಅಮ್ಮ ಆದ ಮನೆಯಲ್ಲಿ ಒಗ್ಗರಣೆ ಹಾಕುತ್ತಾರೆಯೇ? ಎಣ್ಣೆ ಬಾಣಲೆ ಒಲೆಯ ಮೇಲೆ ಇಡುತ್ತಾರೆಯೇ? ಹಾಲುಗಲ್ಲದ ಮಕ್ಕಳಿಗೂ ಗೊತ್ತಿರುವ ವಿಷಯ! ಇವನಿಗೆ ದೇವರ ಭಯವೂ ಇಲ್ಲವೇ?

ಅವಳು ಬುಟ್ಟಿ ಕೆಳಗಿಟ್ಟು ದಡದಡ ಇಳಿದು ಹೋದಳು. ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು.

ಹೊರಗೆ ಬೀಗ... ಒಳಗೆ ಒಗ್ಗರಣೆ!

ಅವಳು ಕಿಟಕಿಗೆ ಮುಖ ಒತ್ತಿದಳು. ವನಜ ಮಣೆಯ ಮೇಲೆ ನಿಂತು, ಉರಿಯುವ ಸೀಮೆಎಣ್ಣೆ ಸ್ಟೌವ್ ಮೇಲಿನ ಬಾಣಲೆಗೆ ತಣ್ಣನೆ ಅನ್ನ ಸುರಿಯುತ್ತಿದ್ದಳು. ಕೈಯಲ್ಲಿ, ಮುಖದಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಲಂಗದ ನೆರಿಗೆ ಉರಿಯಿಂದ ಗೇಣು ದೂರ.

ಕೂಗಿದರೆ ಮಗು ಬೆಚ್ಚುತ್ತದೆ. ಗಂಗರತ್ನ ದನಿ ತಗ್ಗಿಸಿ ಕರೆದಳು.

"ಪುಟ್ಟಿ... ಮೊದ್ಲು ಸ್ಟೌವ್ ಆರ್ಸು ಕಂದ. ಹಾಂ, ಅಂಗೆ. ಈಗ ಇಳಿ. ನಿಧಾನ."

ಮಗು ಇಳಿದು ಬಂದು ಕಿಟಕಿಯ ಕಂಬಿ ಹಿಡಿಯಿತು.

"ಯಾರ ಜೊತೇನೂ ಮಾತಾಡ್ಬಾರ್ದು ಅಂತ ಅಪ್ಪ ಹೇಳವ್ರೆ."

"ನಿಂಗೆ ಅಮ್ಮ ಆಗಿಲ್ವಾ?"

"ಇಲ್ಲ. ಅವತ್ತು ಯಾರೋ ಕುಡಿದ್ಬಿಟ್ಟು ಬಾಗಿಲು ಬಡಿದ್ರು. ನಾನು ಅತ್ಬಿಟ್ಟೆ. ಅದಕ್ಕೇ ಅಪ್ಪ ಸೊಪ್ಪು ಕಟ್ಟಿದ್ರು. ಸೊಪ್ಪಿದ್ರೆ ಯಾರೂ ಬಾಗಿಲ ಹತ್ರ ಬರಲ್ಲ."

ಗಂಗರತ್ನ ಕಿಟಕಿಯ ಪಕ್ಕದಲ್ಲೇ ಕೂತಳು. ಬಿಡಿಸಿದ ಹೂವು ಏರಿಯ ಮೇಲೆ ಬಾಡುತ್ತಿತ್ತು. ಅವಳು ಏಳಲಿಲ್ಲ. ಕಂಬಿಯ ಸಂದಿನಿಂದ ಮಗುವಿನ ಜಡೆ ಬಿಚ್ಚಿ ಹೆಣೆದಳು, ಎರಡನೇ ಮಗ್ಗಿ ಹೇಳಿಸಿದಳು, ಕತೆ ಹೇಳಿದಳು.

ಐದೂಮುಕ್ಕಾಲಿಗೆ ಸೈಕಲ್ ಬಂತು. ಅವಳನ್ನು ಕಂಡು ರಾಮಾಂಜಿಯ ಮುಖ ಕಪ್ಪಿಟ್ಟಿತು.

"ಇನ್ನೂ ಏನು ಬಾಕಿ ಇದೆ? ಹೋಗಿ, ಇದನ್ನೂ ಊರಿಗೆಲ್ಲ ಸಾರಿ ಬನ್ನಿ. ಅಮ್ಮನ ಹೆಸರಲ್ಲಿ ಸುಳ್ಳು ಸೊಪ್ಪು ಕಟ್ದ ಅಂತ ನನ್ನ ಹೊಡೆದು ಓಡಿಸ್ಲಿ."

"ಸ್ಟೌವ್ ಹಚ್ಚಿದ್ಲು ರೀ ಮಗು! ಬೀಗದ ಒಳಗೆ! ಲಂಗಕ್ಕೆ ಬೆಂಕಿ ತಾಕಿದ್ರೆ ಯಾರು ಬಾಗಿಲು ತೆಗೀತಿದ್ರು?"

ಅವನ ಕೈಯಿಂದ ಸೈಕಲ್ ಜಾರಿ ಬಿತ್ತು. ಎತ್ತಲಿಲ್ಲ. ಬೀಗ ತೆಗೆಯಲು ಹೋದ, ಕೀ ತೂತಿಗೆ ಸೇರಲಿಲ್ಲ. ಗಂಗರತ್ನ ಅದನ್ನು ಅವನ ಕೈಯಿಂದ ಕಿತ್ತುಕೊಂಡು ತಾನೇ ತೆಗೆದಳು. ವನಜ ಓಡಿ ಬಂದು ಅಪ್ಪನ ಸೊಂಟ ತಬ್ಬಿದಳು.

"ಅವತ್ತು ಗೇಟಲ್ಲಿ ಯಾಕೆ ಬಾಯಿ ಬಿಡ್ಲಿಲ್ಲ?"

"ಏನಂತ ಬಿಡ್ಲಿ? ಈ ಮನೇಲಿ ಮಗು ಒಂದೇ ಇರ್ತದೆ, ಬಾಗಿಲು ಬಡೀರಿ ಅಂತ ಊರಿಗೆ ಹೇಳ್ಲಾ? ನಾಲ್ಕು ಮನೆ ಕೇಳಿದ್ದೆ, ಮಗೂನ ಇಟ್ಕೊಳ್ಳಿ ಅಂತ. ಅಮ್ಮದ ಕಾಲ, ಬೇರೆ ಮಗು ಬೇಡ ಅಂದ್ರು. ನಿಮ್ಮ ತಂದೇನೂ ಅದನ್ನೇ ಅಂದ್ರು."

ಅವಳಿಗೆ ಅದು ಗೊತ್ತಿರಲಿಲ್ಲ. ಕೆನ್ನೆಗೆ ಹೊಡೆದಂತಾಯಿತು. ಯಾರಿಗೂ ಹೇಳದ ಮಾತು ತಾನಾಗಿ ಹೊರಬಂತು.

"ಸರೋಜಂಗೆ ಅವತ್ತು ಮೈ ಬಿಸಿ ಇತ್ತು. ಮಾರ್ಕೆಟ್ ಬಸ್ ಹೋಗ್ಬಿಡ್ತದೆ, ಹೂವು ಬಾಡ್ತದೆ ಅಂತ... ಅತ್ಕೊಂಡಿದ್ದ ಮಗೂನ ಶಾಲೆಗೆ ಎಳ್ಕೊಂಡು ಹೋಗಿ ಬಿಟ್ಟೋಳು ನಾನೇ. ನಿಮ್ಮನ್ನ ಕಂಡಾಗೆಲ್ಲಾ ನಂಗೆ ನಾನೇ ಕಾಣ್ತಿದ್ದೆ. ಅದಕ್ಕೇ ಅಷ್ಟು ಬೈದೆ."

ರಾಮಾಂಜಿ ಒಳಗೆ ಹೋಗಿ ಒಂದು ಲೋಟ ನೀರು ತಂದು ಅವಳ ಮುಂದಿಟ್ಟ. ಅವಳು ಕುಡಿದಳು.

ಶುಕ್ರವಾರ ಊರು ಮತ್ತೆ ಸೇರಿತು, ಅದೇ ಕಂಬದ ಈಚೆ ಆಚೆ. ಸುಳ್ಳು ಸೊಪ್ಪಿನ ಸುದ್ದಿಯನ್ನು ಗಂಗರತ್ನ ತಾನೇ ಎದ್ದು ಹೇಳಿದಳು. ಗುಲ್ಲೆದ್ದಿತು. ಚಿಕ್ಕಬೈರಪ್ಪನವರು ದೊಣ್ಣೆ ಊರಿ ಎದ್ದರು.

"ಅಮ್ಮನ ಹೆಸರಲ್ಲಿ ಆಟ ಆಡ್ದೋನು ಈ ಊರಲ್ಲಿರಬಾರ್ದು."

"ಕೂತ್ಕೊಳಪ್ಪಾ," ಎಂದಳು ಮಗಳು. ಹಾಗೆ ಅವಳು ಎಂದೂ ಮಾತಾಡಿದವಳಲ್ಲ. "ಊರಲ್ಲಿ ಒಂದು ಮಗೂಗೆ ಕಾವಲಿರೋಕೆ ನಮ್ಮಲ್ಲಿ ಒಬ್ರೂ ಬರ್ಲಿಲ್ಲ. ಅಮ್ಮನ್ನೇ ಕಾವಲು ಕೂರಿಸ್ದ ಅವನು. ಅಮ್ಮಂಗೆ ಸಿಟ್ಟು ಬಂದ್ರೆ ಬಾಗಿಲು ಹಾಕ್ಕೊಂಡೋರ ಮೇಲೆ ಬರ್ಲಿ. ಸೊಪ್ಪು ನೋಡಿ ಕಿರುಚಿದ ನನ್ನ ಮೇಲೆ ಬರ್ಲಿ. ಅವನ ಮೇಲೆ ಯಾಕೆ?"

ಅವಳು ಮೇಷ್ಟ್ರ ಕಡೆ ತಿರುಗಿದಳು.

"ಶಾಲೆ ತೆರೀಲಿ ಮೇಷ್ಟ್ರೇ. ಆದ್ರೆ ಮೈ ಬಿಸಿ ಇರೋ ಒಂದು ಮಗೂನೂ ಒಳಗೆ ಹೋಗ್ಬಾರ್ದು. ದಿನಾ ಬೆಳಗ್ಗೆ ಗೇಟಲ್ಲಿ ನಿಂತು ಒಂದೊಂದು ಹಣೇನೂ ನಾನೇ ಮುಟ್ಟಿ ನೋಡ್ತೀನಿ. ಕಾಯ್ಲೆ ಮಗು ಮನೇಲಿದ್ರೆ ಅಪ್ಪ ಅಮ್ಮ ಕೆಲ್ಸಕ್ಕೆ ಹೋಗ್ಲಿ. ಮಗೂನ ನೋಡೋಕೆ ಚಿಕ್ಕೋರಿದ್ದಾಗ್ಲೇ ಅಮ್ಮ ಆಗಿ, ಇನ್ನೊಂದ್ಸಲ ಬರದ ದೊಡ್ಡೋರು ಈ ಊರಲ್ಲಿ ಬೇಕಾದಷ್ಟು ಜನ ಇದೀವಿ."

ಅವಳು ಮುನಿರಾಜುವಿನ ಕೈ ಹಿಡಿದು ಬಾವುಟದ ಕಂಬ ದಾಟಿದಳು. ಈಚೆ ಬಂದು ರಾಮಾಂಜಿಯ ಪಕ್ಕ ನಿಂತಳು. ಒಬ್ಬೊಬ್ಬರೇ ಅವಳ ಹಿಂದೆ ಬಂದರು. ಚಿಕ್ಕಬೈರಪ್ಪನವರು ಕೊನೆಗೆ ಬಂದರು, ಗೊಣಗುತ್ತಲೇ.

ಅಂದಿನಿಂದ ವನಜ ಬೆಳಗ್ಗೆ ಸಂಜೆ ಗಂಗರತ್ನಳ ಮನೆಯಲ್ಲೇ ಇರುತ್ತಿದ್ದಳು. ಅಪ್ಪ ಮಗಳನ್ನು ಬಿಡಲು ಒಮ್ಮೆ, ಕರೆದೊಯ್ಯಲು ಒಮ್ಮೆ ಬರುತ್ತಿದ್ದ. ಬಂದಾಗಲೆಲ್ಲ ಜಗಳ. ಜಡೆ ಸೊಟ್ಟ ಅಂತ ಇವಳು, ಮಗಳಿಗೆ ಮುದ್ದು ಜಾಸ್ತಿ ಅಂತ ಅವನು. ಅವನು ಬರುವುದು ಹತ್ತು ನಿಮಿಷ ತಡವಾದರೆ ಮಾತ್ರ ಇವಳು ನಾಲ್ಕು ಸಲ ಹೊಸಿಲಿಗೆ ಬರುತ್ತಿದ್ದಳು.

ಯುಗಾದಿ ಕಳೆಯಿತು. ಊರು ಮೊಸರನ್ನದ ತಂಪು ಇಟ್ಟು ಅಮ್ಮನನ್ನು ಕಳಿಸಿಕೊಟ್ಟಿತು. ಮುನಿರಾಜುವಿನ ಹಣೆ ತಣ್ಣಗೇ ಉಳಿದಿತ್ತು.

ಆ ಸಂಜೆ ರಾಮಾಂಜಿ ತಲೆ ತಗ್ಗಿಸಿ ಹೇಳಿದ.

"ನಾಳೆಯಿಂದ ವನಜ ಬರೋದು ಬೇಡ. ಊರು ಮಾತಾಡ್ತಿದೆ. ನಿಮಗೆ ಕೆಟ್ಟ ಹೆಸರು..."

"ಊರು ಮಾತಾಡ್ತು, ಸರಿ. ನೀವ್ಯಾಕೆ ಮಾತಾಡಲ್ಲ?" ಅವಳ ಕಣ್ಣು ತುಂಬಿತ್ತು, ದನಿಯಲ್ಲಿ ಸಿಟ್ಟೇ ಇತ್ತು. "ಅವತ್ತು ಗೇಟಲ್ಲೂ ಇಂಗೇ ಬಾಯಿ ಮುಚ್ಕೊಂಡು ಹೋದ್ರಿ. ಇವತ್ತೂ ಹೋಗಿ."

ಅವನು ಹೋಗಲಿಲ್ಲ. ಸೈಕಲ್ ಹ್ಯಾಂಡಲಿಗೆ ನೇತುಹಾಕಿದ್ದ ಚೀಲದಿಂದ ಒಂದು ಹಸಿರು ಸೀರೆ ತೆಗೆದ.

"ಸೀರೆ ಉಡಿಕೆ ಮಾಡ್ಕೊಡಿ, ನಿಮ್ಮ ಮಗಳನ್ನ ಮದ್ವೆ ಆಗ್ತೀನಿ ಅಂತ ನಿಮ್ಮ ತಂದೇನ ಬೆಳಗ್ಗೆನೇ ಕೇಳ್ದೆ. ಅವಳ ಸಿಟ್ಟು ತಡ್ಕೊಳ್ಳೋ ಶಕ್ತಿ ಇದ್ರೆ ಅವಳನ್ನೇ ಕೇಳು ಅಂದ್ರು. ಕೇಳೋಕೆ ಧೈರ್ಯ ಬರದೆ ಎಂಟು ದಿನದಿಂದ ಈ ಸೀರೆ ಚೀಲದಲ್ಲೇ ಓಡಾಡ್ತಿದೆ... ರತ್ನ."

ಅವಳ ಹೆಸರನ್ನು ಅಷ್ಟು ಮೆತ್ತಗೆ ಯಾರೂ ಕರೆದು ಬಹಳ ಕಾಲವಾಗಿತ್ತು. ಸೀರೆಯನ್ನು ಎದೆಗೆ ಒತ್ತಿಕೊಂಡು ನಿಂತಳು.

"ನಂದೊಂದು ಮಾತು. ನಮ್ಮ ಬಾಗಿಲಿಗೆ ಇನ್ಮೇಲೆ ಹೊರಗಿಂದ ಬೀಗ ಬೀಳ್ಬಾರ್ದು."

"ಒಳಗೆ ನೀನಿದ್ರೆ ಬೀಗ ಯಾಕೆ?"

"ಇರ್ತೀನಿ," ಎಂದಳು ಗಂಗರತ್ನ.