ಆಂಟೆನಾ ಕಳೆದುಕೊಂಡ ಫೋನುಗಳು

ಸೋಮವಾರ ಬೆಳಗ್ಗೆ ಹತ್ತಕ್ಕೆ ಠಾಣೆಗೆ ಬಂದವನು ಔಷಧಿ ಕಾರ್ಖಾನೆಯ ಪ್ಯಾಕಿಂಗ್ ಕೆಲಸಗಾರ. ಹೆಂಡತಿಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸ್ ಕರೆಯೋಣವೆಂದರೆ ಅವನ ಫೋನಿನಲ್ಲಿ ಸಿಗ್ನಲ್ಲೇ ಇರಲಿಲ್ಲ. ಬರಿಗಾಲಲ್ಲಿ ರಸ್ತೆಗೆ ಓಡಿ ಯಾರದೋ ವ್ಯಾನಿಗೆ ಅಡ್ಡ ನಿಂತಿದ್ದ. ಮಗು ಉಳಿದಿತ್ತು, ತಾಯಿಗೆ ಇನ್ನೂ ಎಚ್ಚರ ಬಂದಿರಲಿಲ್ಲ.

"ಫೋನ್ ಕೆಟ್ಟಿದ್ರೆ ರಿಪೇರಿಯವನ ಹತ್ರ ಹೋಗಪ್ಪ," ಎಂದರು ಇನ್‌ಸ್ಪೆಕ್ಟರ್.

"ಅವನೇ ಸರ್ ಇಲ್ಲಿಗೆ ಕಳ್ಸಿದ್ದು. ಒಳಗಿನ ಆಂಟೆನಾನ ಯಾರೋ ಬಿಚ್ಕೊಂಡಿದಾರಂತೆ."

ಫೋನನ್ನು ಬಿಟ್ಟು ಅದರ ಆಂಟೆನಾ ಮಾತ್ರ ಕದಿಯುವ ಕಳ್ಳನನ್ನು ಇನ್‌ಸ್ಪೆಕ್ಟರ್ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಎಫ್‌ಐಆರ್ ದಾಖಲಿಸಿ, ಮಹಿಳಾ ಕಾನ್‌ಸ್ಟೆಬಲ್ ಜೊತೆ ರಿಪೇರಿ ಅಂಗಡಿಗೆ ಹೋದರು.

ರಿಪೇರಿಯವನು ಫೋನನ್ನು ಬಿಚ್ಚಿ ತೋರಿಸಿದ. ತಾಮ್ರದ ತೆಳು ಪಟ್ಟಿ ಇರಬೇಕಾದ ಜಾಗದಲ್ಲಿ ಅದೇ ಆಕಾರಕ್ಕೆ ಕತ್ತರಿಸಿದ, ಮಾತ್ರೆಗಳಿಗೆ ಸುತ್ತುವ ಬೆಳ್ಳಿ ಹಾಳೆ ಅಂಟಿಕೊಂಡಿತ್ತು.

"ಗಾಳೀಲಿ ಬರೋ ಮಾತನ್ನ ಹಿಡಿಯೋದು ಆ ಪಟ್ಟಿ ಸರ್. ಅದಿಲ್ದಿದ್ರೆ ಫೋನು ಕಿವುಡೂ ಹೌದು, ಮೂಕವೂ ಹೌದು. ಹೊಸದು ಹಾಕಿದ್ರೆ ಸರಿಹೋಗತ್ತೆ. ಆದ್ರೆ ಇಂಥವು ಇನ್ನೂ ಬಂದಿವೆ. ಎಲ್ಲಾ ಆ ಕಾರ್ಖಾನೆಯವ್ರದ್ದೇ."

"ಅವಸರದ ಕೆಲಸವಾ?"

"ಇಲ್ಲ ಸರ್, ಒಂದು ಗೀರೂ ಬಿದ್ದಿಲ್ಲ. ಮಲಗಿರೋ ಮಗು ಎದ್ದೀತು ಅನ್ನೋ ಹಾಗೆ ತೆಗ್ದಿದಾರೆ."

ಕಾನ್‌ಸ್ಟೆಬಲ್ ತನ್ನ ಫೋನನ್ನು ಜೇಬಿನ ತಳಕ್ಕೆ ತುರುಕಿಕೊಂಡಳು.

ಕಾರ್ಖಾನೆಯೊಳಗೆ ಫೋನ್ ಒಯ್ಯುವಂತಿರಲಿಲ್ಲ. ಗೇಟಿನ ಪಕ್ಕದ ಗೂಡುಗಳಲ್ಲಿ ಇಟ್ಟು ಹೋಗಬೇಕು. ಆ ಗೂಡುಗಳನ್ನು ಕಾಯುವವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು.

"ಹಿಂದೆ ಫೋನ್ ಜೋಡಿಸೋ ಕೆಲಸದಲ್ಲಿದ್ಲು ಸರ್. ಮಾತು ಕಮ್ಮಿ. ಇವತ್ತು ಬಂದಿಲ್ಲ," ಎಂದ ಸೂಪರ್‌ವೈಸರ್.

ಇಬ್ಬರು ಪಂಚರನ್ನು ಕರೆದುಕೊಂಡು ಅವಳ ಮನೆಗೆ ಹೋದಾಗ ನಡು ಮಧ್ಯಾಹ್ನ. ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಇನ್‌ಸ್ಪೆಕ್ಟರಿಗೆ ಕಿವಿ ಮುಚ್ಚಿಹೋದಂತಾಯಿತು. ಫ್ಯಾನ್ ನಿಂತಿತ್ತು. ಗಡಿಯಾರದ ಸೆಲ್ ತೆಗೆದಿಟ್ಟಿತ್ತು. ಹನಿ ಬಿದ್ದರೂ ಸದ್ದಾಗದಂತೆ ನಲ್ಲಿಗೆ ಬಟ್ಟೆ ಸುತ್ತಿತ್ತು. ಕಿಟಕಿಯ ಚೌಕಟ್ಟಿನ ತುಂಬ ತಾಮ್ರದ ಪಟ್ಟಿಗಳು. ಕೂದಲೆಳೆಯಂಥ ತಂತಿಗಳು ಅವನ್ನೆಲ್ಲ ಹೆಣೆದು ಮೇಜಿನ ಮೇಲಿದ್ದ ಒಂದೇ ಫೋನಿಗೆ ಇಳಿದಿದ್ದವು. ಅದರ ಮುಂದೆ ಕೂತಿದ್ದ ಹೆಂಗಸು ತುಟಿಯ ಮೇಲೆ ಬೆರಳಿಟ್ಟಳು.

"ಶ್! ಮೆಲ್ಲಗೆ."

"ಯಾರ ಫೋನಿಗೆ ಕಾಯ್ತಿದೀರಮ್ಮ?"

"ನನ್ನ ತಮ್ಮಂದು. ಹಡಗಿನಿಂದ ಮಾಡಿದ್ದ. 'ಅಕ್ಕಾ, ನಿಂಗೊಂದು ವಿಷಯ ಹೇಳ್ಬೇಕು' ಅಂದ. ಅಷ್ಟರಲ್ಲಿ ಕಟ್ ಆಯ್ತು."

"ಆಮೇಲೆ?" ಕಾನ್‌ಸ್ಟೆಬಲ್ ಪಿಸುಗುಟ್ಟಿದಳು.

"ಹಡಗು ಮುಳುಗ್ತು ಅಂದ್ರು. ಮಾತು ಮುಳುಗತ್ತಾ? ಗಾಳೀಲೇ ಇರತ್ತೆ. ಊರವ್ರೆಲ್ಲ ವಟವಟ ಅಂತಿದ್ರೆ ಅದಕ್ಕೆ ದಾರಿ ಎಲ್ಲಿ? ಒಬ್ಬೊಬ್ರನ್ನೇ ಸುಮ್ಮನಾಗಿಸಿದೆ. ಈಗೀಗ ಕೇಳಿಸ್ತಿದೆ."

"ಏನು ಕೇಳಿಸ್ತಿದೆ?"

"ಉಸಿರು. ಮಾತು ಶುರು ಮಾಡೋ ಮುಂಚೆ ಎಳ್ಕೋತಾನಲ್ಲ, ಆ ಉಸಿರು."

ಇನ್‌ಸ್ಪೆಕ್ಟರ್ ತಮಗರಿವಿಲ್ಲದೆ ಕಿವಿಗೊಟ್ಟರು. ಏನೋ ಕೇಳಿದಂತಾಯಿತು. ತಮ್ಮದೇ ಉಸಿರಿರಬೇಕು ಎಂದುಕೊಂಡರು.

"ಒಬ್ಬ ಬಾಣಂತಿ ಎಚ್ಚರ ಇಲ್ದೆ ಆಸ್ಪತ್ರೇಲಿದಾಳಮ್ಮ. ಅವಳ ಗಂಡ ಆಂಬುಲೆನ್ಸ್‌ಗೆ ಮಾಡಿದ ಫೋನ್ ಹೋಗ್ಲೇ ಇಲ್ಲ."

ತುಟಿಯ ಮೇಲಿದ್ದ ಬೆರಳು ಕೆಳಗಿಳಿಯಿತು. ಅವಳು ತಾನಾಗಿಯೇ ಎದ್ದು ಎರಡೂ ಕೈ ಮುಂದೆ ಚಾಚಿದಳು.

ಪಂಚನಾಮೆ ಬರೆದು, ರಿಪೇರಿಯವನನ್ನು ಕರೆಸಿ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿದರು. ಅವಳ ಫೋನನ್ನೂ ಅವನು ತೆರೆದು ನೋಡಿದ. "ಇದರ ಆಂಟೆನಾಗೆ ಏನೂ ಆಗಿಲ್ಲ ಸರ್. ಬೇರೆ ಯಾವ್ದೂ ಬೇಕಿರ್ಲಿಲ್ಲ." ಅದನ್ನು ಅವಳಿಗೆ ಹೇಳಲು ಇನ್‌ಸ್ಪೆಕ್ಟರಿಗೆ ಬಾಯಿ ಬರಲಿಲ್ಲ.

ಸಂಜೆ ಆಸ್ಪತ್ರೆಯಿಂದ ಸುದ್ದಿ ಬಂತು: ಬಾಣಂತಿ ಕಣ್ಣು ಬಿಟ್ಟಿದ್ದಳು. ಕೃತ್ಯದ ಕಾರಣವೆಂದು ಇನ್‌ಸ್ಪೆಕ್ಟರ್ ಬರೆದರು: "ತಮ್ಮನ ಅರ್ಧಕ್ಕೆ ನಿಂತ ಮಾತನ್ನು ಪೂರ್ತಿ ಕೇಳುವ ಆಸೆ."

ಜಪ್ತಿ ಮಾಡಿದ ಫೋನನ್ನು ಕಾನ್‌ಸ್ಟೆಬಲ್ ಲಕೋಟೆಗೆ ಹಾಕಬೇಕಿತ್ತು. ಆಫ್ ಮಾಡಲು ಹೋದ ಅವಳ ಬೆರಳು ಅಲ್ಲೇ ನಿಂತಿತು.

"ಸರ್?"

ಲಾಕಪ್ಪಿನ ಸರಳುಗಳ ಹಿಂದಿನಿಂದ ಎರಡು ಕಣ್ಣು ಇತ್ತಲೇ ನೋಡುತ್ತಿದ್ದವು.

"ಚಾರ್ಜ್ ಇರೋವರೆಗೂ ಇರ್ಲಿ ಬಿಡು," ಎಂದರು ಇನ್‌ಸ್ಪೆಕ್ಟರ್. "ಹಾಗೇ ಸೀಲ್ ಮಾಡು."